ದ್ರಾಕ್ಷಾರಸದ ಮನೆಯಲ್ಲಿ ಒಂದು ದಿನ

ಪ್ರವಾಸಕ್ಕೆ ಹೋಗಿ ಬಂದವರು ದೇವಸ್ಥಾನವನ್ನೋ ಜಲಪಾತವನ್ನೋ ವರ್ಣಿಸಿ ಬರೆಯುವುದು ವಾಡಿಕೆ. ಓದುವವರಿಗೆ ಪುಣ್ಯದಲ್ಲೊಂದು ಪಾಲು, ಇಲ್ಲವೆ ತಂಪಿನಲ್ಲೊಂದು ಪಾಲು ಅದರಿಂದ ಸಲ್ಲುತ್ತದೆ. ನಾವು ಈ ಸಲ ಹೋದದ್ದು ಈ ಎರಡು ಪಂಗಡಕ್ಕೂ ಸೇರದ ಒಂದು ಸ್ಥಳಕ್ಕೆ. ದ್ರಾಕ್ಷಿಯಿಂದ ವೈನ್ ಎಂಬ ಮದ್ಯವನ್ನು ತಯಾರಿಸತಕ್ಕ ಒಂದು ಕಾರ್ಖಾನೆಗೆ. ಹೆಂಗಸರೂ ಮಕ್ಕಳೂ ಓದುವ ಪತ್ರಿಕೆಯಲ್ಲಿ ಇಂಥಾ ವಿಷಯವನ್ನು ಎತ್ತಬಹುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಕುಡಿತದ ಮಾತನ್ನು ಹೆಂಗಸರಿಗಿಂತ ಹತ್ತಿರದಿಂದ ಬಲ್ಲವರು ಯಾರು? ಕುಡಿದವನು ಗಂಡ, ಸಾಲ ತೀರಿಸಿದವಳು ಹೆಂಡತಿ ಎಂಬುದು ನಮ್ಮ ನಾಡಿನ ಎಷ್ಟೋ ಮನೆಗಳ ಕಥೆ. ಆದುದರಿಂದ ಕಂಡದ್ದನ್ನು ಕಂಡಂತೆ, ಮುಚ್ಚುಮರೆಯಿಲ್ಲದೆ ಬರೆಯುತ್ತೇವೆ.

ನಮ್ಮ ವಾಸ ಬೆಂಗಳೂರಿನ ಮೂಡಣ ಅಂಚಿನಲ್ಲಿರುವ ವೈಟ್‌ಫೀಲ್ಡಿನಲ್ಲಿ. ಇಂದು ಅಲ್ಲಿ ಕಣ್ಣಿಗೆ ಬೀಳುವುದು ಗಾಜಿನ ಗೋಡೆಯ ಕಚೇರಿಗಳು, ಮೆಟ್ರೋ ಕಂಬಗಳು, ನೀರಿನ ಟ್ಯಾಂಕರುಗಳ ಸಾಲು. ಆದರೆ 1882ರಲ್ಲಿ ಆ ಊರು ಹುಟ್ಟಿದಾಗ ಅದು ಆಂಗ್ಲೋ ಇಂಡಿಯನ್ ಕುಟುಂಬಗಳ ಒಕ್ಕಲುತನದ ನೆಲೆ. ಮಹಾರಾಜ ಚಾಮರಾಜೇಂದ್ರ ಒಡೆಯರು ಅದಕ್ಕಾಗಿ ಭೂಮಿಯನ್ನು ದಯಪಾಲಿಸಿದರು. ಅದರ ಮುಂದಾಳು ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಆ ಸಮುದಾಯದ ಮನೆಗಳಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಮುಂಚೆ ಜಾಡಿಯಲ್ಲಿ ದ್ರಾಕ್ಷಿ, ಸಕ್ಕರೆಗಳನ್ನು ಹುದುಗಿಟ್ಟು ವೈನ್ ಮಾಡುವ ಪದ್ಧತಿಯುಂಟು. ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಜಾಡಿಗಿರುವ ಗೌರವವೇ ಅಲ್ಲಿ ಆ ಜಾಡಿಗೂ ಇದೆ. ಆದ್ದರಿಂದ ವೈನ್ ಎಂಬ ಮಾತು ನಮ್ಮ ನೆರೆಗೆ ಹೊಸತಲ್ಲ. ನಮ್ಮ ಮನೆಯೊಳಕ್ಕೆ ಮಾತ್ರ ಅದು ಬಂದಿರಲಿಲ್ಲ.

ಬಾರದೆ ಇದ್ದುದಕ್ಕೆ ಕಾರಣ ನಮ್ಮ ಅಕ್ಕ. ಆಕೆಯ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕುಶಲ ಕೆಲಸಗಾರರು; ಕೈಯಲ್ಲಿ ವಿದ್ಯೆಯಿತ್ತು, ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಬಟವಾಡೆಯ ದಿನ ಕಾರ್ಖಾನೆಯ ಬಾಗಿಲಿಗೂ ಮನೆಯ ಬಾಗಿಲಿಗೂ ನಡುವೆ ಒಂದು ಸಾರಾಯಿ ಅಂಗಡಿಯಿತ್ತು. ಕಾಕಂಬಿಯಿಂದ ಇಳಿಸಿದ ಆ ಸಾರಾಯಿ ಅಂದು ಪ್ಲಾಸ್ಟಿಕ್ಕಿನ ಸಣ್ಣ ಪೊಟ್ಟಣಗಳಲ್ಲಿ ಬರುತ್ತಿತ್ತು. ಸಂಬಳ ಕರಗಿತು, ಓಲೆ ಹೋಯಿತು, ಕೊನೆಗೆ ಯಕೃತ್ತು ಕೆಟ್ಟು 1998ರಲ್ಲಿ ಅವರೂ ಹೋದರು. ಆಗ ಅಕ್ಕನ ಮಗನಿಗೆ ಆರು ವರ್ಷ. ಅಕ್ಕ ಪೀಣ್ಯದಲ್ಲಿಯೇ ಒಂದು ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿ, ಇಪ್ಪತ್ತು ವರ್ಷ ಹೊಲಿಗೆಯ ಯಂತ್ರದ ಮುಂದೆ ಕುಳಿತು, ಮಗನನ್ನು ಇಂಜಿನಿಯರನ್ನಾಗಿ ಮಾಡಿದಳು. ಅವನಿಗೆ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಳ್ಳೆಯ ಕೆಲಸ.

ಯುಗಾದಿಯ ರಜದಲ್ಲಿ ತಾಯಿ ಮಕ್ಕಳಿಬ್ಬರೂ ನಮ್ಮಲ್ಲಿಗೆ ಬಂದಿದ್ದರು. ನಮ್ಮ ಮಗನೂ ಸೊಸೆಯೂ ನಂದಿಬೆಟ್ಟದ ಕಡೆ ಹೋಗೋಣವೆಂದು ಹೊರಡಿಸಿದರು. ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, ಗ್ರೋವರ್ ಜಂಪಾ ಅವರ ದ್ರಾಕ್ಷಿ ತೋಟವೂ ವೈನ್ ತಯಾರಿಸುವ ಮನೆಯೂ ಇದೆಯೆಂದೂ, ಬಂದವರಿಗೆ ಎಲ್ಲವನ್ನೂ ತೋರಿಸಿ ರುಚಿಯನ್ನೂ ಕೊಡುತ್ತಾರೆಂದೂ ಮಗ ಮೆಲ್ಲಗೆ ಸೇರಿಸಿದನು. ಮನೆಯಲ್ಲಿ ಒಂದು ಗಳಿಗೆ ಮೌನ ಕವಿಯಿತು. ನಮ್ಮ ಮನೆಯಾಕೆ ಅಕ್ಕನ ಮುಖ ನೋಡಿದಳು. ಅಕ್ಕ ಹೇಳಿದ್ದು ಇಷ್ಟು: “ನಾನೂ ಬರುತ್ತೇನೆ. ನನ್ನ ಮನೆಯನ್ನು ತಿಂದ ವಸ್ತು ಹೇಗೆ ಹುಟ್ಟುತ್ತದೆಂದು ಒಂದು ಸಲ ಕಣ್ಣಾರೆ ನೋಡಬೇಕು.” ಅದಕ್ಕೆ ಯಾರೂ ಎದುರಾಡಲಿಲ್ಲ.

ಹೊಸಕೋಟೆಯನ್ನು ದಾಟಿ ದೇವನಹಳ್ಳಿಯ ಮೇಲೆ ಹೋದೆವು. ಸೊಸೆಯದು ಸಾರಥ್ಯ, ಬಂಡಿ ನಡೆಸುವವರು ರುಚಿ ನೋಡತಕ್ಕದ್ದಲ್ಲವೆಂದು ಹೊರಡುವಾಗಲೇ ಆಕೆಯೇ ಕಟ್ಟಳೆ ಮಾಡಿದ್ದಳು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಈ ಸೀಮೆಯ ಭೂಮಿಗೆ ಚಿನ್ನದ ಬೆಲೆ ಬಂದಿದೆ. ತೋಟಗಳ ನಡುನಡುವೆ ಬಡಾವಣೆಗಳ ಕಲ್ಲು ನೆಟ್ಟಿದ್ದಾರೆ. ಆದರೂ ರಸ್ತೆಯ ಬದಿಯಲ್ಲಿ ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ದ್ರಾಕ್ಷಿಯ ಚಪ್ಪರಗಳು ಅಲ್ಲಲ್ಲಿ ಉಳಿದಿವೆ. ಇದು ನಾವೆಲ್ಲ ಬಲ್ಲ ಕಪ್ಪು ದ್ರಾಕ್ಷಿ, ಬೆಂಗಳೂರು ಬ್ಲೂ. ಸಿಪ್ಪೆ ದಪ್ಪ, ಒಳಗೆ ಬೀಜ, ವಾಸನೆ ಗಾಢ, ರುಚಿಯಲ್ಲಿ ಹುಳಿ ಮುಂದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ನಮ್ಮ ನಾಡಿನಲ್ಲಿ ದ್ರಾಕ್ಷಿ ನಿನ್ನೆ ಮೊನ್ನೆಯದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯೆಸನು ಅಲ್ಲಿಯ ಪೇಟೆಯಲ್ಲಿ ದ್ರಾಕ್ಷಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಗ್ರೋವರ್ ತೋಟದ ದ್ರಾಕ್ಷಿ ಮಾತ್ರ ಬೇರೆ ಜಾತಿಯದು. ಕನ್ವಲ್ ಗ್ರೋವರ್ ಎಂಬ ಉದ್ಯಮಿಗಳು ಫ್ರಾನ್ಸಿನ ಜಾರ್ಜ್ ವೆಸೆಲ್ ಎಂಬ ಮದ್ಯತಜ್ಞರ ಸಹಾಯದಿಂದ ಫ್ರೆಂಚ್ ತಳಿಗಳನ್ನು ತರಿಸಿ, 1988ರಲ್ಲಿ ಇಲ್ಲಿ ನೆಲೆಯೂರಿಸಿದರು. ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. 2012ರಲ್ಲಿ ನಾಸಿಕದ ಕಡೆಯ ಇನ್ನೊಂದು ಸಂಸ್ಥೆಯೊಡನೆ ಕೂಡಿ ಗ್ರೋವರ್ ಜಂಪಾ ಎಂಬ ಹೆಸರಾಯಿತು. ಇಲ್ಲಿ ಚಪ್ಪರವಿಲ್ಲ, ತಂತಿಬೇಲಿಯಂತೆ ನೆಟ್ಟನೆ ನಿಂತ ಸಾಲುಗಳು. ಗೊಂಚಲು ಚಿಕ್ಕದು, ಹಣ್ಣು ನಮ್ಮ ಬೆರಳ ತುದಿಗಿಂತ ಸಣ್ಣದು. ಯೂರೋಪಿನಲ್ಲಿ ಹಿಮ ಬಿದ್ದಾಗ ಬಳ್ಳಿ ತಾನಾಗಿ ನಿದ್ರೆ ಹೋಗುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರುತ್ತಾರೆ. ಬೇಸಗೆಯಲ್ಲೊಮ್ಮೆ, ಮಳೆಗಾಲ ಕಳೆಯುತ್ತಿದ್ದಂತೆ ಇನ್ನೊಮ್ಮೆ. ಚಳಿಗಾಲದ ತಣ್ಣನೆಯ ರಾತ್ರಿಗಳಲ್ಲಿ ಹಣ್ಣು ನಿಧಾನವಾಗಿ ಮಾಗಿ, ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಕೊಯ್ಲಿಗೆ ಬರುತ್ತದೆ. ನಾವು ಹೋದಾಗ ಕೊನೆಯ ಸಾಲುಗಳಲ್ಲಿ ಒಂದಷ್ಟು ಗೊಂಚಲುಗಳಿದ್ದವು. ಅಕ್ಕ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, “ಬೆಲ್ಲದ ಹಾಗಿದೆಯಲ್ಲೋ!” ಎಂದು ಬೆರಗಾದಳು. ಆ ಬೆಲ್ಲವೇ ಮುಂದಿನ ಕಥೆಗೆಲ್ಲ ಮೂಲ.

ಒಳಗೆ ಕರೆದೊಯ್ದು ತೋರಿಸಿದವಳು ಆ ಕಡೆಯ ಕನ್ನಡವನ್ನೇ ಆಡುವ ಒಬ್ಬ ಚುರುಕಾದ ಹುಡುಗಿ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ಬಲ್ಲವರಿಗೆ ಈ ವಿದ್ಯೆ ಕಷ್ಟವಲ್ಲ. ಹಣ್ಣಿನ ರಸಕ್ಕೆ ಯೀಸ್ಟ್ ಎಂಬ ಹುದುಗನ್ನು ಸೇರಿಸುತ್ತಾರೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಆ ಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲ ಅನಿಲವನ್ನೂ ಬಿಡುತ್ತದೆ. ಹುಳಿಯುವುದು ಕೊಳೆತವಲ್ಲ, ಜೀವಿಗಳ ಕೆಲಸ ಎಂದು ಸಾವಿರಾರು ವರ್ಷ ಯಾರಿಗೂ ತಿಳಿದಿರಲಿಲ್ಲ. ಫ್ರಾನ್ಸಿನ ಲೂಯಿ ಪಾಸ್ತರನು 1857ರಿಂದ ಮೊದಲ್ಗೊಂಡು ತನ್ನ ಪ್ರಯೋಗಗಳಿಂದ ಅದನ್ನು ಸ್ಥಾಪಿಸಿದನು. ಒಂದು ಲೀಟರು ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ನೂರಕ್ಕೆ ಒಂದು ಪಾಲು ಮದ್ಯಸಾರವಾಗುತ್ತದೆ. ಹೀಗೆ ಮಾಗಿದ ದ್ರಾಕ್ಷಿಯಿಂದ 12, 13, 14 ಪಾಲಿನ ವೈನ್ ಆಗುತ್ತದೆ.

ಬಿಳಿಯ ವೈನಿಗೆ ಹಣ್ಣನ್ನು ಹಿಂಡಿ, ಸಿಪ್ಪೆಯನ್ನು ಕೂಡಲೇ ಬೇರ್ಪಡಿಸಿ, ರಸವನ್ನಷ್ಟೇ ತಂಪಿನಲ್ಲಿ ಹುದುಗಿಸುತ್ತಾರೆ. ಕೆಂಪು ವೈನಿಗೆ ಸಿಪ್ಪೆ ಬೀಜಗಳೊಡನೆಯೇ ಬಿಡುತ್ತಾರೆ. ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ. ಹುದುಗುವಾಗ ಹಿಪ್ಪೆಯೆಲ್ಲ ಮೇಲೆ ತೇಲಿ ಕೆನೆಯಂತೆ ಕಟ್ಟುತ್ತದೆ. ಅದು ಒಣಗದಂತೆ ಅಡಿಯ ರಸವನ್ನು ಮೇಲಕ್ಕೆತ್ತಿ ಮತ್ತೆ ಮತ್ತೆ ಸುರಿಯಬೇಕು. ಆಳೆತ್ತರದ ಉಕ್ಕಿನ ಕೊಪ್ಪರಿಗೆಗಳು ಸಾಲಾಗಿ ನಿಂತಿದ್ದವು. ಅವುಗಳ ಆಚೆ ಓಕ್ ಮರದ ಪೀಪಾಯಿಗಳು. ಸಾಮಾನ್ಯವಾಗಿ ಇಂಥಾ ಒಂದು ಪೀಪಾಯಿಗೆ 225 ಲೀಟರು ಹಿಡಿಯುತ್ತದೆ. ಎಂದರೆ 300 ಶೀಷೆಗಳು. ಅದರಲ್ಲಿ ತಿಂಗಳುಗಟ್ಟಲೆ ಮಲಗಿದ ಕೆಂಪು ವೈನ್ ಮರದ ಪರಿಮಳವನ್ನು ಹೀರಿ ಮೆದುವಾಗುತ್ತದೆ. ಆ ಕೋಣೆಯ ಮಬ್ಬು ಬೆಳಕು, ತಂಪು, ಹಳೆಯ ಮರದ ವಾಸನೆ ನಮಗೆ ಹಿಂದಿನ ಕಾಲದ ಕಣಜದ ಕೋಣೆಯನ್ನು ನೆನಪಿಗೆ ತಂದವು. ಅಕ್ಕ ಎಲ್ಲವನ್ನೂ ಮೌನವಾಗಿ ನೋಡುತ್ತಿದ್ದಳು. ಕೊನೆಗೆ, “ಇಷ್ಟು ಶ್ರದ್ಧೆಯಿಂದ ಮಾಡುತ್ತಾರೆಯೇ!” ಎಂದಳು. ಆ ಮಾತಿನಲ್ಲಿ ಮೆಚ್ಚಿಕೆಯೆಷ್ಟು, ವಿಷಾದವೆಷ್ಟು ಎಂದು ತೂಗಲು ನಮ್ಮಿಂದಾಗಲಿಲ್ಲ.

ಆಮೇಲೆ ರುಚಿಯ ಮೇಜು. ಕಾಲುಳ್ಳ ಗಾಜಿನ ಬಟ್ಟಲುಗಳು, ತಟ್ಟೆಯಲ್ಲಿ ಗಿಣ್ಣು, ಬಿಸ್ಕತ್ತು. ವಿಧಿ ಹೀಗೆ: ಬಟ್ಟಲಿನ ಹೊಟ್ಟೆಯನ್ನು ಮುಟ್ಟದೆ ಕಾಲನ್ನು ಹಿಡಿಯಬೇಕು, ಕೈಯ ಬಿಸಿ ತಗಲಬಾರದು. ಬಿಳಿಯ ಕಾಗದದ ಮುಂದೆ ಹಿಡಿದು ಬಣ್ಣ ನೋಡಬೇಕು. ಮೆಲ್ಲಗೆ ತಿರುಗಿಸಿ ಮೂಸಬೇಕು. ಒಂದು ಗುಟುಕನ್ನು ನಾಲಗೆಯ ಮೇಲೆಲ್ಲ ಹರಿಸಿ, ನುಂಗಬೇಕು ಅಥವಾ ಉಗುಳಬೇಕು. ಉಗುಳುವುದಕ್ಕೆಂದೇ ಒಂದು ಪಾತ್ರೆಯಿತ್ತು.

“ಇದೇನಮ್ಮ, ಪೀಕದಾನಿಯೇ?” ಎಂದಳು ಅಕ್ಕ.

“ಹೌದು ಅಜ್ಜಿ,” ಎಂದು ಹುಡುಗಿ ನಕ್ಕಳು. “ದಿನವೂ ಹತ್ತಾರು ಬಗೆ ಪರೀಕ್ಷೆ ಮಾಡುವವರು ನುಂಗುತ್ತ ಹೋದರೆ ಪರೀಕ್ಷೆ ನಡೆಯುವುದಿಲ್ಲ. ಬಲ್ಲವರು ಉಗುಳುತ್ತಾರೆ.”

“ಉಗುಳಲು ಬಲ್ಲವರಾಗಿದ್ದರೆ ನಮ್ಮವರೂ ಉಳಿಯುತ್ತಿದ್ದರು,” ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು.

ನಾವು ರುಚಿ ನೋಡಿದೆವು; ಅದನ್ನು ಮರೆಮಾಡಿದರೆ ವಾಚಕರಿಗೆ ಅನ್ಯಾಯವಾದೀತು. ಮೊದಲಿಗೆ ಸೋವಿನ್ಯೋಂ ಬ್ಲಾಂ ಎಂಬ ಬಿಳಿಯ ವೈನ್: ನಿಂಬೆಯ ಹುಳಿ, ಆಗತಾನೆ ಕೊಯ್ದ ಹುಲ್ಲಿನ ಹಸಿವಾಸನೆ. ಅನಂತರ ವಿಯೋನ್ಯೆ ಎಂಬುದು: ಹೂವಿನ ಕಂಪು ಮುಂದೆ, ಹುಳಿ ಹಿಂದೆ. ಮೂರನೆಯದು ಶಿರಾಜ್ ದ್ರಾಕ್ಷಿಯ ಕೆಂಪು ವೈನ್: ನೇರಳೆ ಹಣ್ಣನ್ನು ತಿಂದ ನಾಲಗೆಯ ಒಗರು, ಅದರ ಮೇಲೆ ಮೆಣಸಿನ ಒಂದು ಕಾಳು. ಕಡೆಯದು ಪೀಪಾಯಿಯಲ್ಲಿ ಮಲಗಿ ಎದ್ದ ಲಾ ರಿಸರ್ವ್: ಒಗರು ತಗ್ಗಿ, ಸುಟ್ಟ ಮರದ, ಚಕ್ಕೆ ಲವಂಗದ ನೆನಪು. ಸಿಹಿಯನ್ನು ನಿರೀಕ್ಷಿಸಿ ಹೋದವರಿಗೆ ಇದೊಂದು ನಿರಾಶೆ. ಬೆಲ್ಲವನ್ನೆಲ್ಲ ಯೀಸ್ಟ್ ತಿಂದಿರುತ್ತದೆ. ನಮ್ಮ ಮನೆಯಾಕೆ ಒಂದು ತೊಟ್ಟು ನಾಲಗೆಗೆ ಮುಟ್ಟಿಸಿ, “ಹುಣಸೆಹಣ್ಣಿನ ಗೊಜ್ಜಿಗೆ ಬೆಲ್ಲ ಹಾಕುವುದನ್ನು ಮರೆತ ಹಾಗಿದೆ,” ಎಂದು ತೀರ್ಪು ಕೊಟ್ಟಳು. ನಮ್ಮ ಮಗನಿಗೆ ಅದು ಅಪಚಾರವೆನಿಸಿತು.

ಇಷ್ಟರಲ್ಲಿ ಅಕ್ಕನ ಮಗನ ಮುಂದೆಯೂ ಬಟ್ಟಲು ಬಂದಿತ್ತು. ಅವನು ಕಾಲು ಹಿಡಿದು ಎತ್ತಿದನು, ಬಣ್ಣ ನೋಡಿದನು, ಮೂಸಿದನು, ಅಲ್ಲಿಗೆ ನಿಂತನು. ಮೇಜಿನ ಸುತ್ತ ಮಾತು ನಿಂತಿತು. ಅಕ್ಕ ಮಗನ ಮುಖವನ್ನೇ ನೋಡುತ್ತ, “ನಾನು ಬೇಡವೆನ್ನುವುದಿಲ್ಲ ಕಣೋ. ಮೂವತ್ತು ದಾಟಿದವನು ನೀನು. ನಿನ್ನ ಕೈ ನಿನ್ನದು,” ಎಂದಳು. ಆಕೆಯ ಕೈ ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

ಅವನು ಬಟ್ಟಲನ್ನು ಕೆಳಗಿಟ್ಟನು. “ಕಚೇರಿಯ ಕೂಟಗಳಲ್ಲಿ ಎಷ್ಟೋ ಜನ ಕೊಟ್ಟಿದ್ದಾರೆ, ಅಮ್ಮ. ಕಹಿಯೆಂದೋ ಹುಳಿಯೆಂದೋ ನಾನು ಬಿಟ್ಟವನಲ್ಲ. ನನಗೆ ಹೆದರಿಕೆ ಇರುವುದು ಅದು ರುಚಿಸಿಬಿಟ್ಟರೆ ಎಂದು,” ಎಂದನು.

ಅಕ್ಕ ಏನೂ ಹೇಳಲಿಲ್ಲ. ತಟ್ಟೆಯಲ್ಲಿದ್ದ ಒಂದು ಬಿಸ್ಕತ್ತನ್ನು ತೆಗೆದು ಅವನ ಕೈಗಿತ್ತಳು. ಆರು ವರ್ಷದ ಹುಡುಗನಿಗೆ ಕೊಡುವ ಹಾಗೆ. ಆ ಹೆದರಿಕೆ ಹೇಡಿತನವಲ್ಲವೆಂದು ಇಲ್ಲಿ ಹೇಳಬೇಕು. ಕುಡಿತದ ಚಟಕ್ಕೆ ಬೀಳುವ ಪ್ರವೃತ್ತಿಯಲ್ಲಿ ಸುಮಾರು ಅರ್ಧದಷ್ಟು ವಂಶಪಾರಂಪರ್ಯದಿಂದ ಬರತಕ್ಕದ್ದೆಂದು ಅವಳಿ ಮಕ್ಕಳನ್ನು ಪರೀಕ್ಷಿಸಿದ ವೈದ್ಯಶಾಸ್ತ್ರ ಕಂಡುಕೊಂಡಿದೆ. ಒಂದೇ ಬಟ್ಟಲು ಒಬ್ಬನಿಗೆ ವಿನೋದ, ಇನ್ನೊಬ್ಬನಿಗೆ ಬಾವಿಯ ಮೊದಲ ಮೆಟ್ಟಿಲು. ತನ್ನ ಕಾಲಡಿಯ ಮೆಟ್ಟಿಲು ಯಾವುದೆಂದು ಮೊದಲೇ ಅರಿತವನು ಬುದ್ಧಿವಂತ.

ಹಿಂದಿರುಗುವಾಗ ಬಂಡಿಯಲ್ಲಿ ವಾದ ಎದ್ದಿತು. ಮಗನ ಮಾತು: ಸಾರಾಯಿ ಬೇರೆ, ವೈನ್ ಬೇರೆ, ಒಂದು ಅಮಲಿಗಾಗಿ, ಇನ್ನೊಂದು ರುಚಿಗಾಗಿ. ಸೊಸೆ ಇನ್ನೂ ಮುಂದೆ ಹೋಗಿ, “ದೊಡ್ಡತ್ತೆ, ಬಾಣಂತನದಲ್ಲಿ ನಿಮಗೆ ದಶಮೂಲಾರಿಷ್ಟ ಕೊಡಲಿಲ್ಲವೇ? ಅದೂ ದ್ರಾಕ್ಷಿ, ಬೆಲ್ಲ, ಧಾತಕಿಯ ಹೂ ಹಾಕಿ ಹುದುಗಿಸಿದ್ದೇ. ಅದರಲ್ಲಿಯೂ ಮದ್ಯಸಾರ ಉಂಟು,” ಎಂದಳು. ಮಾತು ನಿಜವೇ. ನಮ್ಮ ಆಯುರ್ವೇದದ ಆಸವ ಅರಿಷ್ಟಗಳೆಲ್ಲ ಇದೇ ಕ್ರಮದಿಂದ ಆಗತಕ್ಕವು. ಅಕ್ಕ ಸ್ವಲ್ಪ ಯೋಚಿಸಿ, “ಕೊಟ್ಟರಮ್ಮ. ಅಳತೆಯ ಒಳಲೆಯಲ್ಲಿ ಅಳೆದು ಕೊಟ್ಟರು. ಬಾಣಂತನ ಮುಗಿದ ಮೇಲೆ ಇನ್ನೊಂದು ಶೀಷೆ ತನ್ನಿರೆಂದು ನಾನು ಅಳಲಿಲ್ಲ. ಅಳತೆ ಯಾರ ಕೈಯಲ್ಲಿದೆಯೆಂಬುದೇ ಮಾತು,” ಎಂದಳು.

ಇದಕ್ಕಿಂತ ನೇರವಾಗಿ ಈ ವಿಷಯವನ್ನು ಹೇಳಿದವರನ್ನು ನಾವು ಕಂಡಿಲ್ಲ. ರಾಜ್ಯಗಳ ಅಬಕಾರಿ ಚರಿತ್ರೆಯೂ ಈ ಅಳತೆಯ ಕಥೆಯೇ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಅಕ್ಷರ ಕಲಿಯಲು ಕೂಡಿದ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು; ಆ ಚಳವಳಿ 1992ರಲ್ಲಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿ, 1993ರಲ್ಲಿ ಅಲ್ಲಿಯ ಸರ್ಕಾರ ಸಾರಾಯಿಯನ್ನು ನಿಷೇಧಿಸಬೇಕಾಯಿತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅದೇ 2007ರಲ್ಲಿಯೇ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು ರಾಜ್ಯವು ವೈನ್ ನೀತಿಯೊಂದನ್ನು ಹೊರಡಿಸಿ, ಅದನ್ನು ನಡೆಸಲು ಮಂಡಳಿಯೊಂದನ್ನು ಸ್ಥಾಪಿಸಿತು. ಒಂದೇ ವರ್ಷ ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು. ಮುಚ್ಚಿದ ಬಾಗಿಲು ಕೂಲಿಯವನದು, ತೆರೆದದ್ದು ಉಳ್ಳವನದು ಎಂದು ಟೀಕಿಸುವವರಿದ್ದಾರೆ. ಸಾರಾಯಿ ಬಿಟ್ಟವರೆಲ್ಲರೂ ಕುಡಿತವನ್ನೂ ಬಿಟ್ಟರೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಅಗ್ಗದ ವಿಸ್ಕಿ, ಬ್ರಾಂದಿಗಳ ಅಂಗಡಿಗಳು ತೆರೆದೇ ಇದ್ದವು.

ಹಾಗೆಂದು ದ್ರಾಕ್ಷಿ ಬೆಳೆದವನ ಸಂಕಟವನ್ನೂ ಮರೆಯಲಾಗದು. ಈ ಸೀಮೆಗೆ ಜೀವನದಿಯಿಲ್ಲ. ನಂದಿಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರವನ್ನು ದಾಟುವಷ್ಟರಲ್ಲಿ ವರ್ಷದ ಬಹುಪಾಲು ಬತ್ತಿರುತ್ತದೆ. ಸಾವಿರ ಅಡಿಗೂ ಮೀರಿ ಕೊರೆದ ಬಾವಿಯ ನೀರನ್ನು ಹನಿಹನಿಯಾಗಿ ಬಳ್ಳಿಯ ಬುಡಕ್ಕೆ ಬಿಡಬೇಕು. ಆಲಿಕಲ್ಲು ಒಂದು ಸಂಜೆ ಬಿದ್ದರೆ ವರ್ಷದ ದುಡಿಮೆ ನೆಲಕ್ಕೆ. 2020ರ ಮಾರ್ಚಿನಲ್ಲಿ ಕೊರೋನಾ ರೋಗಕ್ಕಾಗಿ ದೇಶವನ್ನೇ ಮುಚ್ಚಿದಾಗ, ಮಾಗಿದ ದ್ರಾಕ್ಷಿ ಕೊಳ್ಳುವವರಿಲ್ಲದೆ ಚಪ್ಪರದಲ್ಲಿಯೇ ಕೊಳೆಯಿತು. ಹಣ್ಣನ್ನು ಕಾದಿಡಲಾಗದು, ರಸವನ್ನು ಕಾದಿಡಬಹುದು. ಆದ್ದರಿಂದ ಬೆಳೆಗಾರನಿಗೆ ವೈನ್ ಮಾಡುವವನೂ ಬೇಕು, ಹಣ್ಣಿನ ಪಾನಕವನ್ನೂ ಜಾಮನ್ನೂ ಮಾಡುವವನೂ ಬೇಕು. ಬೆಂಗಳೂರು ಬ್ಲೂ ದ್ರಾಕ್ಷಿ ಈ ಮೂರಕ್ಕೂ ಒದಗುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು, ದಿನಕ್ಕೊಂದು ಬಟ್ಟಲು ಔಷಧ ಎಂಬ ನಂಬಿಕೆ ಓದಿದವರಲ್ಲಿ ಹರಡಿದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವೆಂದು ಹೇಳಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿ ಹೇಳಿದೆ. ರುಚಿಗಾಗಿ ಕುಡಿಯುವವನು ರುಚಿಗೆಂದೇ ಹೇಳಲಿ. ಔಷಧದ ಹೆಸರನ್ನು ಎರವಲು ತರುವುದು ಬೇಡ. ಚಟಕ್ಕೆ ಸಿಕ್ಕಿದವನಿಗೆ ಬೈಗುಳವೂ ಆಣೆ ಪ್ರಮಾಣಗಳೂ ಔಷಧವಲ್ಲ. ಅದು ರೋಗ, ಅದಕ್ಕೆ ಚಿಕಿತ್ಸೆಯುಂಟು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಅದಕ್ಕಾಗಿಯೇ ಪ್ರತ್ಯೇಕವಾದ ವಿಭಾಗವಿದೆ. “ಆಗ ಯಾರಾದರೂ ಒಬ್ಬರು ಇದನ್ನು ನನಗೆ ಹೇಳಿದ್ದರೆ!” ಎಂದು ಅಕ್ಕ ಒಮ್ಮೆ ಅಂದದ್ದುಂಟು. ಆಕೆ ಅಂದು ಹೋಗಿದ್ದು ತಾಯಿತ ಕಟ್ಟುವವರ ಬಳಿಗೆ. ಏಕೆಂದರೆ ಈ ವಿಷಯವನ್ನು ಮನೆಯ ಹೊರಗೆ ಆಡಬಾರದೆಂದು ಎಲ್ಲರೂ ಆಕೆಗೆ ಕಲಿಸಿದ್ದರು.

ನಾವು ಈ ಲೇಖನವನ್ನು ಬರೆದದ್ದು ಆ ಒಂದು ಮಾತಿಗಾಗಿಯೇ ಎಂದರೂ ಸಲ್ಲುತ್ತದೆ. ಮುಂದಿನ ತಲೆಮಾರಿನ ಮಕ್ಕಳ ಮುಂದೆ ಬಟ್ಟಲು ಬಂದೇ ಬರುತ್ತದೆ. ಕಚೇರಿಯಲ್ಲಿ ಬರುತ್ತದೆ, ಮದುವೆಯಲ್ಲಿ ಬರುತ್ತದೆ, ಪ್ರವಾಸದಲ್ಲಿ ಬರುತ್ತದೆ. ಅದನ್ನು ಹೆಸರಿಸದೆ ಕಪಾಟಿನ ಹಿಂದೆ ಅಡಗಿಸಿಟ್ಟ ಮನೆಗಿಂತ, ಊಟದ ಹೊತ್ತಿನಲ್ಲಿ ನಾಲ್ಕು ಜನರ ಮುಂದೆ ಮಾತಾಡಿದ ಮನೆಯೇ ಮಕ್ಕಳಿಗೆ ಹೆಚ್ಚಿನ ಕಾವಲು. ತಂದೆ ಹೇಗೆ ಹೋದರೆಂದು ಅಕ್ಕ ಮಗನಿಗೆ ಸುಳ್ಳು ಹೇಳಿರಲಿಲ್ಲ. ಆ ದಿನ ಮೇಜಿನ ಮುಂದೆ ಅವನು ಅಷ್ಟು ನಿಸ್ಸಂಕೋಚವಾಗಿ ಉತ್ತರ ಕೊಡಬಲ್ಲವನಾದದ್ದು ಅದರಿಂದಲೇ ಎಂದು ನಮ್ಮ ನಂಬಿಕೆ.